ಕೋವಿಯ ಪಟ್ಟಿಯಿಂದ ಕತ್ತರಿಸಿದ ವಾಷರ್

ಅಪ್ಪ,

ಇವತ್ತು ನಿಮ್ಮ ಕೋವಿಯ ತೊಗಲು ಪಟ್ಟಿಯಿಂದ ಒಂದು ಚೂರು ಕತ್ತರಿಸಿದೆ. ಬೈಯುವುದಿದ್ದರೆ ಬೈಯಿರಿ, ಮೊದಲು ಪೂರ್ತಿ ಕೇಳಿ.

ಬೆಳಗ್ಗಿನಿಂದ ಪಂಪ್ ಸ್ಟೌ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು, ಇದೇ ಆಯಿತು. ಬರ್ನರ್ ಕಟ್ಟಿದೆಯೆಂದು ನಾವೆಲ್ಲ ಪಿನ್ನು ಚುಚ್ಚುತ್ತಲೇ ಇದ್ದೆವಲ್ಲ, ಬರ್ನರಿಗೆ ಏನೂ ಆಗಿರಲಿಲ್ಲ. ಪಂಪ್ ಹೊಡೆದರೆ ಕೈಗೆ ಬಿಗಿಯೇ ಸಿಗುತ್ತಿರಲಿಲ್ಲ. ಪಂಪಿನ ಕಡ್ಡಿ ಎಳೆದು ನೋಡಿದರೆ ತುದಿಯ ತೊಗಲಿನ ವಾಷರ್ ಒಣಗಿ ಬಿರಿದಿತ್ತು. ಗಾಳಿ ನಿಲ್ಲುವುದು ಹೇಗೆ?

ಅಂಗಡಿಯ ಮಮ್ಮದ್ ಕಾಕ, "ವಾಷರ್ ಮುಗಿದುಂಟು ಮಗಳೇ, ಸಂತೆ ಆಗ್ಲಿ, ತರಿಸುವ," ಎಂದರು. ನನಗೆ ಸಂತೆಯವರೆಗೆ ತಡೆಯಲಾಗಲಿಲ್ಲ. ಪಟ್ಟಿಯ ಚೂರನ್ನು ದುಂಡಗೆ ಕತ್ತರಿಸಿ, ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಹಾಕಿದೆ. ಸ್ಟೌ ಭರ್ರೆಂದು ಹೊತ್ತಿತು. ಕಾಫಿಯ ನೀರು ಕುದಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆವತ್ತು ನೀವು ಕಾಫಿ ಕೇಳಿದಾಗ ಸ್ಟೌ ಹೊತ್ತದೆ ನಾನು ಒದ್ದೆ ಸೌದೆ ಊದುತ್ತ ಕೂತಿದ್ದೆ. ಲೋಟ ತರುವಷ್ಟರಲ್ಲಿ ನಿಮ್ಮ ಉಸಿರು ನಿಂತಿತ್ತು.

ಕೈಲುಮುಹೂರ್ತದ ಹಬ್ಬಕ್ಕೆ ಅಣ್ಣ ಬಂದು ಕೋವಿಯನ್ನು ಪೂಜೆಗೆ ಇಳಿಸುತ್ತಾನೆ. ಪಟ್ಟಿ ನೋಡಿ ಸುಮ್ಮನಿರುವವನಲ್ಲ. ಅಪ್ಪ ಇದ್ದಾಗಲೇ ಕತ್ತರಿಸಿದ್ದು ಅನ್ನುತ್ತೇನೆ.

ಆಗಲೇ ಕತ್ತರಿಸಬಹುದಿತ್ತು.

ಯಮುನ