ಮನೋವಾರಾ ಖಾಲಾ ಮುಟ್ಟದ ನೀರು

ಏಪ್ರಿಲ್ 9, ಬುಧವಾರ. ಶ್ಯಾಮನಗರ.

ಆ ತುಂಬಿದ ತೊಟ್ಟಿ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ತಿಂಗಳು ತಪ್ಪದೆ ಚಿಕ್ಕಮ್ಮನಂಥ ಮನೋವಾರಾ ಖಾಲಾಗೆ ನಮ್ಮ ಸಂಸ್ಥೆ ಕೊಟ್ಟ ಮಳೆನೀರಿನ ತೊಟ್ಟಿಗೆ ಕೋಲು ಇಳಿಸಿ ಅಳೆದವನು ನಾನೇ. ಸುಡುವ ಚೈತ್ರದಲ್ಲೂ ಕಂಠಮಟ್ಟ ನೀರು! ವಿದೇಶದ ದಾನಿಗಳಿಗೆ ಕಳಿಸುವ ವರದಿಯಲ್ಲಿ, ಅಪ್ಪನ ನಾಟಕ ಮಂಡಳಿಯ ಸೂತ್ರಧಾರನಂತೆ, ‘ಉಪ್ಪುನೀರಿನ ನಾಡಿನ ಸಿಹಿನೀರಿನ ರಾಣಿ’ ಎಂದು ಗುಡುಗಿದ್ದೆ.

ಇವತ್ತು ಹೋದರೆ ಆಕೆ ಕೆರೆಯ ಉಪ್ಪುನೀರನ್ನು ಸೆರಗಿನಲ್ಲಿ ಸೋಸಿ ಕುಡಿಯುತ್ತಿದ್ದರು. ಪಾದಗಳು ಊದಿದ್ದವು.

“ತೊಟ್ಟಿ ತುಂಬಾ ನೀರಿಟ್ಕೊಂಡು ಇದ್ಯಾಕೆ ಖಾಲಾ?”

“ತಿಂಗ್ಳು ತಿಂಗ್ಳು ಕೋಲು ಹಾಕಿ ನೋಡ್ತೀಯಲ್ಲಪ್ಪ. ಕಮ್ಮಿಯಾದ್ರೆ ತೊಟ್ಟೀನೇ ಹೊತ್ಕೊಂಡು ಹೋಗ್ತೀರೇನೋ ಅಂತ ಮುಟ್ಲಿಲ್ಲ. ಹೋದ್ಸಲ ಕೋಲು ನೋಡಿ ನಕ್ಕೆಯಲ್ಲ, ಸದ್ಯ ಪಾಸಾದೆ ಅಂದ್ಕೊಂಡೆ.”

ನಕ್ಕಿದ್ದೆ, ನಿಜ. ನೀರೆಷ್ಟಿದೆ ಎಂದು ಅಳೆದೆನೇ ಹೊರತು ಕುಡಿದಿರಾ ಎಂದು ಒಮ್ಮೆಯೂ ಕೇಳಲಿಲ್ಲ. ನಾನೇ ಒಂದು ಲೋಟ ಮೊಗೆದು ಕೊಟ್ಟೆ. ಆಕೆ ಕುಡಿದದ್ದು ಒಂದೇ ಗುಟುಕು. ಕಣ್ಣು ಮಾತ್ರ ನನ್ನ ಕೋಲಿನ ಮೇಲೆಯೇ ಇತ್ತು.

ಸಂಜೆ ಕಚೇರಿಯ ಮುಖ್ಯಸ್ಥ ತೌಹಿದ್ ಭಾಯ್‌ಗೆ ಎಲ್ಲವನ್ನೂ ಹೇಳಿದೆ.

“ತುಂಬಿದೆ ಅಂತ ಬರ್ದೆ, ತುಂಬೇ ಇದೆ. ಸುಳ್ಳೆಲ್ಲಿ ಬಂತು ಮಹಾರಾಜ? ವರದಿ ನಾಳೆ ಹೋಗ್ಬೇಕು. ಇದನ್ನೆಲ್ಲ ಬರೆದ್ರೆ ಮುಂದಿನ ಇನ್ನೂರು ತೊಟ್ಟಿ ನೀನು ಕೊಡಿಸ್ತೀಯಾ?”

ಮನೆಗೆ ಬಂದು ವರದಿ ತೆರೆದೆ. ‘ಸಿಹಿನೀರಿನ ರಾಣಿ’ಯ ಪುಟವನ್ನು ಅಳಿಸಿ ಹಾಕಿ, ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ.

ಪಟ್ಟಿಯಲ್ಲಿ ಇನ್ನೂ ನಲವತ್ತೊಂದು ತುಂಬಿದ ತೊಟ್ಟಿಗಳಿವೆ. ಎಲ್ಲ ಕಡೆಯೂ ಕೋಲು ನೋಡಿ ನಕ್ಕಿದ್ದೆನೇ? ಅವುಗಳಲ್ಲಿ ಎಷ್ಟು ಮನೆಯವರು ನನ್ನ ಕೋಲಿಗೆ ಹೆದರಿ ಕೆರೆಯ ಉಪ್ಪುನೀರನ್ನೇ ಕುಡಿಯುತ್ತಿದ್ದಾರೋ?