ಏಳನೇ ಪ್ರಶ್ನೆಗೆ ‘ಇಲ್ಲ’

ಹದಿಮೂರನೇ ತಿಂಗಳ ನಾಲ್ಕನೇ ದಿನ, ೨೨೧೯
ತುಂಗಭದ್ರೆಯ ಹಿನ್ನೀರಿನ ದಡ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ನನ್ನ ಅಕ್ಕ ನೀಲಗಂಗಾಳ ಸಾವಿಗೆ ಡಾಕ್ಟರು ಕಾರಣರಲ್ಲ, ನಾನು ಬರೆದ ಒಂದು ಸುಳ್ಳು ಕಾರಣ. ಎರಡು ವರ್ಷದಿಂದ ಇದು ನನಗೆ ಮತ್ತು ಅವ್ವನಿಗೆ ಮಾತ್ರ ಗೊತ್ತು. ನನ್ನನ್ನು ಏನೂ ಮಾಡಲಾರದ ನಿಮಗೆ ಮೊದಲು ಹೇಳುತ್ತಿದ್ದೇನೆ. ಅಷ್ಟು ಹೇಡಿತನ ಇನ್ನೂ ಉಳಿದಿದೆ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಬಿಸಿಲಿಗೆ ಊರೆಲ್ಲ ಕೆಲಸ ನಿಲ್ಲಿಸುವ ವಾರಗಳನ್ನು ನಾವು ಹದಿಮೂರನೇ ತಿಂಗಳು ಎಂದು ಬೇರೆಯಾಗಿ ಎಣಿಸುತ್ತೇವೆ. ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು. ಮಾಸ್ತರರು ಬಾರದ ದಿನವೂ ಬಂದರೆಂದು ಸಹಿ ಹಾಕಲು ಹೇಳಿದರು, ನಾನು ಹಾಕಲಿಲ್ಲ. ಒಂದು ಕಡೆ ಕೂರುವುದೂ ನನಗೆ ಆಗುತ್ತಿರಲಿಲ್ಲ. ಆಗ ನಕ್ಕ ಓಣಿಯೇ ಮುಂದೆ, ಸುಳ್ಳು ಬರೆಯದವನೆಂದು, ನನ್ನನ್ನು ಮನೆಸಾಕ್ಷಿಯಾಗಿ ಆರಿಸಿತು.

ಮನೆಸಾಕ್ಷಿ ಎಂದರೆ, ಆಪರೇಷನ್ನಿಗೆ ಹೋಗುವವರ ಮನೆಯಲ್ಲಿ ಮೂರು ದಿನ ಇದ್ದು ಹನ್ನೆರಡು ಪ್ರಶ್ನೆಗಳಿಗೆ ಉತ್ತರ ಬರೆಯುವವನು. ರೋಗಿಗಳು ಡಾಕ್ಟರ ಮುಂದೆ ಗಟ್ಟಿಯಾಗಿರುವಂತೆ ನಟಿಸುತ್ತಾರೆಂದು ಈ ಪದ್ಧತಿ ಬಂತು. ವಯಸ್ಸೆಷ್ಟು, ಮೂತ್ರಪಿಂಡ ಹೇಗಿದೆ, ಸಕ್ಕರೆ ಕಾಯಿಲೆ ಇದೆಯೇ, ನಾಡಿ ತಪ್ಪಿ ಬಡಿಯುತ್ತದೆಯೇ, ಎದೆ ಹಿಂದೆಂದಾದರೂ ತೆರೆದದ್ದುಂಟೇ, ಎಷ್ಟು ಮೆಟ್ಟಿಲಿಗೆ ಉಸಿರು ಕಟ್ಟುತ್ತದೆ, ಹೀಗೆ. ಎಲ್ಲ ಕೂಡಿಸಿದರೆ ಗಂಡಾಂಕ ಸಿಗುತ್ತದೆ. ಇಂಥವರು ನೂರು ಮಂದಿಯಲ್ಲಿ ಎಷ್ಟು ಜನ ಬದುಕಿ ಬರಲಾರರು ಎನ್ನುವ ಸಂಖ್ಯೆ ಅದು. ಗಂಡಾಂಕ ಐದಕ್ಕಿಂತ ಕಡಿಮೆ ಇದ್ದವರು ಸತ್ತರೆ, ಕಾರಣ ಸಿಗುವ ತನಕ ಆ ಡಾಕ್ಟರು ಕತ್ತರಿ ಮುಟ್ಟುವಂತಿಲ್ಲ.

ಓಣಿಗೆ ಸಾಕ್ಷಿ ನಾನೊಬ್ಬನೇ, ಹಾಗಾಗಿ ಅಕ್ಕನ ಹಾಳೆಯೂ ನನ್ನ ಪಾಲಿಗೇ ಬಂತು. ಅವಳಿಗೆ ಇಪ್ಪತ್ತಾರು. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಗಂಟಲು ನೋವು, ಜ್ವರ, ಕೀಲು ಬಾವು ಬರುತ್ತಿತ್ತು. ನೆಲ್ಲಿಕಾಯಿ ತಿಂದದ್ದಕ್ಕೆ ಎಂದು ಸುಮ್ಮನಾದೆವು. ಅದೇ ಜ್ವರಕ್ಕೆ ಒಳಗೆ ಹೃದಯದ ಕವಾಟ ದಪ್ಪಗಾಗಿ, ರಕ್ತ ದಾಟುವ ದಾರಿ ಕಿರಿದಾಗಿತ್ತು. ಆಪರೇಷನ್ನಿಗೆ ಹದಿನೈದು ದಿನ ಇರುವಾಗ ಅವಳ ದವಡೆ ಊದಿ, ಹಲ್ಲಿನ ಬುಡದಲ್ಲಿ ಕೀವು ತುಂಬಿ ಜ್ವರ ಬಂತು. ಏಳನೇ ಪ್ರಶ್ನೆ ಅದೇ: ಈ ತಿಂಗಳು ಜ್ವರ, ಕೀವು, ಹಲ್ಲುನೋವು ಇತ್ತೇ? ಹೌದೆಂದರೆ ಅದು ಪೂರ್ತಿ ವಾಸಿಯಾಗುವ ತನಕ ಆಪರೇಷನ್ ಮುಂದೂಡುತ್ತಾರೆ.

“ಇಲ್ಲ ಅಂತ ಬರಿ,” ಎಂದಳು ಅವ್ವ. “ಮಳಿ ಬಿದ್ರ ನಾಕು ತಿಂಗಳು ದೋಣಿ ಇಲ್ಲ. ಅಲ್ಲೀತನಕ ಆಕಿಗೆ ಉಸಿರು ಎಲ್ಲಿಂದ ತರ್ಲಿ?”

ಅಕ್ಕ ದವಡೆ ಹಿಡಿದುಕೊಂಡೇ ನಕ್ಕಳು. “ನಮ್ಮ ಸತ್ಯವಂತ ಸುಳ್ಳು ಬರಿಯಾಕತ್ತಾನ ನೋಡವ್ವಾ.”

ಬರೆದೆ. ಅವ್ವ ಹಿಂದೆ ಉಳಿದಿದ್ದ ಮಾತ್ರೆಗಳನ್ನು ಅವಳಿಗೆ ನುಂಗಿಸಿದಳು. ಊತ ಇಳಿಯಿತು. ಆಸ್ಪತ್ರೆಯಲ್ಲಿ ಬಾಯಿ ನೋಡಿದವರಿಗೂ ಏನೂ ಕಾಣಲಿಲ್ಲ. ಗಂಡಾಂಕ ಮೂರು. ಡಾ. ಖೈರುನ್ನಿಸಾ ಹೊಸ ಕವಾಟ ಹೊಲಿದರು. ಐದನೇ ದಿನ ಅಕ್ಕ ನಡೆದಳು. ಎಂಟನೇ ದಿನ ಚಳಿಜ್ವರ ಬಂತು. ಹಲ್ಲಿನ ಕೀವು ರಕ್ತದೊಳಗೆ ಸೇರಿ ಹೊಸ ಕವಾಟದ ಮೇಲೆ ಮನೆ ಮಾಡಿತ್ತು. ಹನ್ನೊಂದನೇ ದಿನ ತೀರಿಕೊಂಡಳು.

ಡಾಕ್ಟರು ತಮ್ಮ ದಾರ, ನೀರು, ಕೈ ಎಲ್ಲವನ್ನೂ ಪರೀಕ್ಷೆಗೆ ಕೊಟ್ಟರು. ನನ್ನ ಹಾಳೆಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಈ ದಡಕ್ಕೆ ಕವಾಟ ಹೊಲಿಯುವವರು ಅವರೊಬ್ಬರೇ. ಎರಡು ವರ್ಷದಿಂದ ಅವರ ಕೈ ನಿಂತಿದೆ. ಸರದಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಐವರು ಸತ್ತಿದ್ದಾರೆ. ಅವರನ್ನು ಯಾವ ಗಂಡಾಂಕವೂ ಎಣಿಸುವುದಿಲ್ಲ.

ಸುಳ್ಳು ಸಾಕ್ಷಿ ಬರೆದವನ ಮನೆ ಸರದಿಯ ಕೊನೆಗೆ ಹೋಗುತ್ತದೆ. ಅವ್ವನ ಕವಾಟವೂ ಈಗ ಕೆಟ್ಟಿದೆ. ಆರನೇ ಮೆಟ್ಟಿಲಿಗೆ ಕೂರುತ್ತಾಳೆ. ಮಳೆ ಕಳೆದ ಮೇಲೆ ಬೇರೆ ಡಾಕ್ಟರು ಬರುತ್ತಾರೆಂಬ ಸುದ್ದಿ ಇದೆ, ಆ ಸರದಿಯಲ್ಲಿ ಅವಳು ಮುಂದಿದ್ದಾಳೆ. ನಾನು ಬಾಯಿ ಬಿಟ್ಟರೆ ಅವಳ ಹೆಸರು ಎಲ್ಲರ ಹಿಂದೆ ಬೀಳುತ್ತದೆ.

“ಹೋದಾಕಿ ಬರಂಗಿಲ್ಲ. ಇದ್ದಾಕೀನೂ ಕಳಿತೀಯೇನು?” ಎಂದು ನಿನ್ನೆ ಕೇಳಿದಳು. ನಾನು ಹಾಳೆಯ ಪ್ರತಿಯನ್ನು ಪೆಟ್ಟಿಗೆಯಿಂದ ತೆಗೆದೆ. ಇವತ್ತು ಅವಳೇ ರೊಟ್ಟಿ ಬಡಿದು ನನ್ನ ದಾರಿಗೆಂದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ.

ಗಂಟಲು ನೋವಿಗೆ ಔಷಧಿ ನಿಮ್ಮ ಕಾಲದಲ್ಲೇ ಇತ್ತೆಂದು ಓದಿದ್ದೇನೆ. ನಿಮ್ಮ ಮಕ್ಕಳಿಗೆ ಗಂಟಲು ಕೆಟ್ಟು ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಕೊಟ್ಟ ಮಾತ್ರೆ ಮುಗಿಯುವ ತನಕ ನುಂಗಿಸಿ, ಉಳಿಸಿ ಡಬ್ಬಿಯಲ್ಲಿ ಇಡಬೇಡಿ. ಕತ್ತರಿ ಹಿಡಿದವರು ಏನೇ ಕೇಳಿದರೂ ಇದ್ದದ್ದನ್ನು ಹೇಳಿ.

ಹಾಳೆಯ ಪ್ರತಿ ನನ್ನ ಜೇಬಿನಲ್ಲಿದೆ. ನಾಳೆ ಬೆಳಗಿನ ದೋಣಿಗೆ ಆಸ್ಪತ್ರೆಗೆ ಹೋಗುತ್ತೇನೆ.

ಬಸಲಿಂಗ