ರಾಜನ ಕುದುರೆ ನೆಗೆತ

ಜಯನಗರ ನಾಲ್ಕನೇ ಬ್ಲಾಕ್
೧೪-೮-೧೯೬೪

ಯಜಮಾನರಿಗೆ ಸಿದ್ದಗಂಗಮ್ಮನ ಶರಣಾರ್ಥಿ.

ಪೂಜೆ ಮುಗಿಸಿಕೊಂಡು ಬರೆಯಲು ಕೂತಿದ್ದೇನೆ. ಚೆಸ್ ಪಂದ್ಯದಿಂದ ನನ್ನ ಹೆಸರು ತೆಗೆಸುವವರೆಗೆ ಮನೆಗೆ ಕಾಲಿಡುವುದಿಲ್ಲ ಎಂದು ನೀವು ಜರಗನಹಳ್ಳಿಯ ನಿಮ್ಮಣ್ಣನ ಮನೆ ಸೇರಿ ವಾರವಾಯಿತು. ಹೆಸರು ತೆಗೆಸಿಲ್ಲ. ನಿನ್ನೆ ಸೆಮಿಫೈನಲ್ ಗೆದ್ದೆ.

ಎದುರಿಗೆ ಹೈಸ್ಕೂಲು ಮೇಷ್ಟ್ರು ಗುರುಶಾಂತಪ್ಪ. ನನಗೆ ಬಿಳಿ ಕಾಯಿ ಬಂತು. ರಾಜನ ಮುಂದಿನ ಕಾಲಾಳನ್ನು ನಮ್ಮ ಮನೆ ಆಟದಂತೆ ಒಂದೇ ಮನೆ ಸರಿಸಿದೆ. “ಅಮ್ಮಾ, ಮೊದಲನೇ ಸಲ ಎರಡು ಮನೆ ಬಿಡ್ಬೋದು, ಗೊತ್ತಲ್ವಾ?” ಅಂದರು. “ಗೊತ್ತು ಸಾರ್, ನಂಗೇನು ಬಸ್ ತಪ್ಪೋಗಲ್ಲ” ಅಂದೆ. ಸುತ್ತ ನಿಂತವರು ನಕ್ಕರು.

ಆಮೇಲೊಂದು ಎಡವಟ್ಟಾಯಿತು. ಇಕ್ಕಟ್ಟು ಕಂಡು, ರಾಜನನ್ನು ಎತ್ತಿ ಕುದುರೆಯ ಹಾಗೆ ನೆಗೆಸಿಬಿಟ್ಟೆ. ನಮ್ಮಲ್ಲಿ ರಾಜನಿಗೆ ಒಂದು ಸಲ ಆ ನೆಗೆತ ಉಂಟಲ್ಲ, ಕೈಗೆ ಅದೇ ರೂಢಿ. ಅಂಪೈರ್ ಜಯದೇವಪ್ಪನವರು ಬಂದು, ಇಲ್ಲಿ ಅದು ನಡೆಯುವುದಿಲ್ಲ, ಮುಟ್ಟಿದ್ದಕ್ಕೆ ರಾಜನನ್ನೇ ಒಂದು ಮನೆ ನಡೆಸಬೇಕು ಎಂದರು. ನಡೆಸಿದೆ. ಒಮ್ಮೆ ನಡೆದ ರಾಜನನ್ನು ಇನ್ನು ಆನೆಯ ಮರೆಗೆ, ಕೋಟೆಯೊಳಗೆ ಕಳಿಸುವ ಹಾಗಿಲ್ಲ. “ಅಮ್ಮೋರ ರಾಜ ಬೀದಿಗ್ ಬಂದ ಬಿಡಪ್ಪ” ಎಂದು ಹಿಂದಿನಿಂದ ಯಾರೋ ಅಂದರು. ಶಿವನ ನೆನೆದು ಮುಂದಿನ ನಡೆ ನೋಡಿದೆ.

ಮೇಷ್ಟ್ರಿಗೆ ಧೈರ್ಯ ಜಾಸ್ತಿಯಾಯಿತು. ಮಂತ್ರಿಯೊಬ್ಬನನ್ನೇ ಒಳಕ್ಕೆ ನುಗ್ಗಿಸಿ ಕಾಲಾಳೊಂದನ್ನು ಹೊಡೆದರು. ನಾನು ಕುದುರೆ ತಂದು ಅವನ ದಾರಿ ಮುಚ್ಚಿದೆ, ಮರು ನಡೆಗೆ ಆನೆಯಿಂದ ಹೊಡೆದೆ. ಮಂತ್ರಿ ಹೋದ ಮೇಲೆ ಆಟ ಎಷ್ಟು ಹೊತ್ತು? ಕೈ ಮುಗಿದು ಎದ್ದರು. ಒಳ್ಳೆಯ ಮನುಷ್ಯ.

ನಾಳೆ ಫೈನಲ್. ಆಡುತ್ತೇನೆ. ಪರಗಂಡಸರ ಎದುರು ಕೂತರೆ ಮರ್ಯಾದೆ ಹೋಗುತ್ತದೆ ಎಂದಿರಿ. ದೇವರ ಮುಂದೆ ಕೂತು ಯೋಚಿಸಿದೆ, ನನಗಂತೂ ತಪ್ಪು ಕಾಣಲಿಲ್ಲ. ಹಾಲಿನ ರಾಮಯ್ಯನ ಕೈಲಿ ಇದನ್ನೂ, ಇಸ್ತ್ರಿ ಮಾಡಿದ ನಿಮ್ಮ ಜುಬ್ಬವನ್ನೂ ಕಳಿಸಿದ್ದೇನೆ.

ನಿಮ್ಮ ಕ್ಷೇಮ ಬಯಸುವ
ಸಿದ್ದಗಂಗಮ್ಮ

ಇನ್ನೊಂದು ಮಾತು: ಫೈನಲ್‌ಗೆ ಬಂದ ಇನ್ನೊಬ್ಬರ ಹೆಸರು ಹಲಗೆಯ ಮೇಲೆ ಬರೆದಿದ್ದರು. ಸಂಜೆ ಪಾಳಿಯಲ್ಲಿ ಆಡಿ ಬಂದವರಂತೆ. ಪರಿಚಯ ಉಂಟೇ ಎಂದು ಜಯದೇವಪ್ಪನವರು ಕೇಳಿದರು. “ಆ ಹೆಸರು ನಾನು ಹೇಳೋ ಹಾಗಿಲ್ಲ ಸಾರ್, ಮೂವತ್ತು ವರ್ಷದಿಂದ ನಮ್ಮನೇಲೇ ಊಟ” ಅಂದೆ. ನೀವೂ ಆಡುತ್ತಿರುವುದು ಆಗ ತಿಳಿಯಿತು, ನನ್ನ ಹೆಸರು ಯಾಕೆ ತೆಗೆಸಲು ಹೇಳಿದಿರಿ ಎಂಬುದೂ ತಿಳಿಯಿತು. ಹೆದರಬೇಡಿ, ಬನ್ನಿ. ನಾಲ್ಕು ಜನರ ಮುಂದೆ ಸೋತರೂ ನೀವು ಇದೇ ಮನೆಯ ಯಜಮಾನರು. ಆಟ ಮುಗಿಸಿ ಒಟ್ಟಿಗೇ ಮನೆಗೆ ನಡೆಯೋಣ.